ಸೆರೆಸಿಕ್ಕಿದ ಹಡಗಿನ ವೃತ್ತಾಂತ

೧೯೧೪ನೆಯ ಇಸವಿ ಸೆಪ್ಟೆಂಬರ್ ೨೨ರ ರಾತ್ರಿ ಮದರಾಸಿನ ಮೇಲೆ ಗುಂಡುಗಳನ್ನು ಹಾರಿಸಿ, ಅಲ್ಲಿನ ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟು ಹೋದ ‘ಎಂಡನ್’ ಎಂಬ ಜರ್ಮನ್ ಯುದ್ಧನೌಕೆಯ ಹೆಸರನ್ನು ವಾಚಕರು ಕೇಳಿಯೇ ಇರುವರು. ಅದೇ ನೌಕೆಯು ಯುದ್ಧಾರಂಭದಲ್ಲಿ ಸೆರೆಹಿಡಿದ ಮೊದಲನೆಯ ಹಡಗಿನ ಕಥೆ ಮಾತ್ರ ಅಷ್ಟು ಪ್ರಸಿದ್ಧವಲ್ಲ.

ಆ ಹಡಗಿನ ಹೆಸರು ‘ರಿಯಾಜಾನ್’. ೧೯೦೯ರಲ್ಲಿ ಜರ್ಮನಿಯ ಎಲ್ಬಿಂಗ್ ಪಟ್ಟಣದಲ್ಲಿ ನಿರ್ಮಿತವಾಗಿ, ರಷ್ಯನರ ಒಡೆತನದಲ್ಲಿ ಪ್ರಯಾಣಿಕರನ್ನೂ ಸರಕನ್ನೂ ಸಾಗಿಸುತ್ತಿದ್ದ ಉಗಿಹಡಗು ಅದು. ಆಗಸ್ಟ್ ೪ರಂದು ಕೊರಿಯಾ ಜಲಸಂಧಿಯ ಬಳಿ ‘ಎಂಡನ್’ನ ಕಪ್ತಾನ ಫಾನ್ ಮುಲ್ಲರನು ಅದನ್ನು ಅಟ್ಟಿ ಹಿಡಿದನು. ಹಡಗು ಹೊಸದು, ವೇಗವೂ ಚೆನ್ನಾಗಿದ್ದಿತು. ಆದುದರಿಂದ ಅದನ್ನು ಮುಳುಗಿಸದೆ, ಚೀಣದಲ್ಲಿ ಆಗ ಜರ್ಮನರ ವಶದಲ್ಲಿದ್ದ ತ್ಸಿಂಗ್‌ಟಾವ್ ಬಂದರಿಗೆ ಕೊಂಡೊಯ್ದನು. ಜರ್ಮನಿಯಲ್ಲಿ ಹುಟ್ಟಿದ ಹಡಗು ಹೀಗೆ ಐದು ವರ್ಷಗಳ ಮೇಲೆ ತೌರಿನವರ ಕೈಸೇರಿತು. ಮರ್ಯಾದೆಯ ರೀತಿಯಲ್ಲಿ ಅಲ್ಲವೆಂಬುದು ಬೇರೆ ಮಾತು.

ಆ ಬಂದರಿನಲ್ಲಿ ‘ಕಾರ್ಮೊರಾನ್’ ಎಂಬ ಹಳೆಯ ಯುದ್ಧನೌಕೆಯೊಂದು ಸವೆದು ನಿಂತಿದ್ದಿತು. ಅದರ ೧೦.೫ ಸೆಂಟಿಮೀಟರ್ ಬಾಯಿಯ ಎಂಟು ಫಿರಂಗಿಗಳನ್ನು ಕಳಚಿ ಹೊಸ ಹಡಗಿಗೆ ಜೋಡಿಸಿದರು. ಕಪ್ತಾನ ಝುಕ್‌ಷ್ವೆರ್ಟನೂ ನಾವಿಕರಲ್ಲಿ ಅನೇಕರೂ ಇದಕ್ಕೇ ಬಂದರು. ಕೊನೆಗೆ ಹೆಸರೂ ಬಂದಿತು. ಪರಕಾಯಪ್ರವೇಶವೆಂದರೆ ಇದೇ! ಒಂದು ವಾರ ಕಳೆಯುವುದರೊಳಗೆ, ಆಗಸ್ಟ್ ೧೦ರಂದು, ನೂತನ ‘ಕಾರ್ಮೊರಾನ್’ ಶತ್ರುಗಳ ವರ್ತಕ ಹಡಗುಗಳನ್ನು ಬೇಟೆಯಾಡಲು ಹೊರಟಿತು.

ಆದರೆ ಬೇಟೆ ದೊರೆಯಲಿಲ್ಲ. ಫಿರಂಗಿ ಎಷ್ಟಿದ್ದರೇನು, ಉಗಿಹಡಗಿನ ಪ್ರಾಣವಿರುವುದು ಕಲ್ಲಿದ್ದಲಿನಲ್ಲಿ. ಆಗಸ್ಟ್ ೨೩ರಂದು ಜಪಾನು ಯುದ್ಧಕ್ಕಿಳಿಯಿತು. ಶಾಂತಸಾಗರದ ಜರ್ಮನ್ ದ್ವೀಪಗಳು ಒಂದೊಂದಾಗಿ ಪರಾಧೀನವಾದುವು. ನವೆಂಬರಿನಲ್ಲಿ ತ್ಸಿಂಗ್‌ಟಾವ್ ಸಹ ಬಿದ್ದಿತು. ಇದ್ದಲು ತುಂಬಿಕೊಳ್ಳಲು ಒಂದು ರೇವಾದರೂ ಉಳಿಯದೆ, ದ್ವೀಪಗಳ ಮರೆಯಲ್ಲಿ ಅಡಗಿ ಅಡಗಿ ಸುತ್ತಿದ ಹಡಗು, ಡಿಸೆಂಬರ್ ೧೪ರಂದು ಗುವಾಮ್ ದ್ವೀಪದ ಆಪ್ರಾ ಬಂದರನ್ನು ಹೊಕ್ಕಿತು. ಗುವಾಮ್ ಅಮೆರಿಕದ್ದು, ಅಮೆರಿಕವು ಆಗ ತಟಸ್ಥ ರಾಷ್ಟ್ರ. ಝುಕ್‌ಷ್ವೆರ್ಟನು ಬೇಡಿದಷ್ಟು ಇದ್ದಲನ್ನು ಗವರ್ನರ್ ಮ್ಯಾಕ್ಸ್‌ವೆಲ್ಲನು ಕೊಡಲೊಪ್ಪಲಿಲ್ಲ. ತಟಸ್ಥರ ಬಂದರಿನಲ್ಲಿ ಯುದ್ಧನೌಕೆಯು ಮನಬಂದಷ್ಟು ಕಾಲ ತಂಗುವಂತೆಯೂ ಇಲ್ಲ, ಇದ್ದಲಿಲ್ಲದೆ ಹೊರಡುವಂತೆಯೂ ಇಲ್ಲ. ಹಡಗು ನಿರ್ಬಂಧಕ್ಕೆ ಒಳಗಾಯಿತು.

ಎರಡು ವರ್ಷಗಳಿಗೆ ಮಿಕ್ಕು ನಾವಿಕರು ಅಲ್ಲೇ ಲಂಗರಿನ ಮೇಲೆ ಕಾಲ ನೂಕಿದರು. ಮ್ಯಾಕ್ಸ್‌ವೆಲ್ಲನ ಕಾಲದಲ್ಲಿ ಬಿಗಿಯಾಗಿದ್ದ ಕಟ್ಟುಪಾಡು ಆಮೇಲೆ ಕೊಂಚ ಸಡಿಲವಾಯಿತು. ದ್ವೀಪವಾಸಿಗಳೊಡನೆ ಸ್ನೇಹವೂ ಬೆಳೆಯಿತು.

೧೯೧೭ನೆಯ ಏಪ್ರಿಲ್ ೭ರಂದು ಅಮೆರಿಕವು ಯುದ್ಧ ಸಾರಿದ ಸುದ್ದಿ ಗುವಾಮನ್ನು ಮುಟ್ಟಿತು. ಹಡಗನ್ನು ಒಪ್ಪಿಸೆಂದು ಅಧಿಕಾರಿಗಳು ಕೇಳಿದರು. ನನ್ನ ಜನರನ್ನು ಒಪ್ಪಿಸುವೆನು, ಹಡಗನ್ನು ಒಪ್ಪಿಸೆನು ಎಂಬುದು ಕಪ್ತಾನನ ಉತ್ತರ. ಹಡಗಿನ ಕಡೆಗೆ ಧಾವಿಸುತ್ತಿದ್ದ ಅದರ ದೋಣಿಯೊಂದನ್ನು ತಡೆಯಲು ಅಮೆರಿಕನರು ಮುಂದೆ ಗುಂಡು ಹಾರಿಸಿದರು. ಆ ಯುದ್ಧದಲ್ಲಿ ಜರ್ಮನರ ಮೇಲೆ ಅಮೆರಿಕವು ಹಾರಿಸಿದ ಮೊದಲ ಗುಂಡು ಇದೆಂದು ಎಣಿಸುವುದುಂಟು. ಅಷ್ಟರಲ್ಲಿ ಹಡಗಿನೊಳಗೆ ಸ್ಫೋಟವಾಯಿತು. ಒಂದು ಶತ್ರುನೌಕೆಯನ್ನೂ ಮುಳುಗಿಸದ ‘ಕಾರ್ಮೊರಾನ್’ ತನ್ನವರ ಕೈಯಿಂದಲೇ ಮುಳುಗಿತು. ನಾವಿಕರಲ್ಲಿ ಕೆಲವರು ಮಡಿದರು. ಅವರನ್ನು ಅಮೆರಿಕನರು ತಮ್ಮ ನೌಕಾಸೇನೆಯ ರುದ್ರಭೂಮಿಯಲ್ಲಿ, ಸೈನಿಕ ಮರ್ಯಾದೆಯೊಡನೆ, ಮಣ್ಣುಮಾಡಿದರು. ಉಳಿದವರನ್ನು ಸೆರೆಯಾಳುಗಳಾಗಿ ಅಮೆರಿಕಕ್ಕೆ ಸಾಗಿಸಿದರು.

ಎರಡನೆಯ ಮಹಾಯುದ್ಧದಲ್ಲಿ, ೧೯೪೩ರಲ್ಲಿ, ಅಮೆರಿಕದ ಜಲಾಂತರ್ಗಾಮಿಗಳ ಪೆಟ್ಟಿಗೆ ಸಿಕ್ಕಿದ ‘ತೊಕಾಯ್ ಮಾರು’ ಎಂಬ ಜಪಾನೀ ಹಡಗು ಅದೇ ಬಂದರಿನಲ್ಲಿ ಮುಳುಗಿ ‘ಕಾರ್ಮೊರಾನ್’ನ ಮಗ್ಗುಲಿಗೇ ಬಂದು ಒರಗಿತು. ಆಳಕ್ಕೆ ಇಳಿಯುವ ಮುಳುಗುಗಾರನು ಇಂದಿಗೂ ಒಂದು ಕೈಯಿಂದ ಜರ್ಮನ್ ಹಡಗನ್ನೂ ಇನ್ನೊಂದು ಕೈಯಿಂದ ಜಪಾನೀ ಹಡಗನ್ನೂ ಏಕಕಾಲದಲ್ಲಿ ಮುಟ್ಟಬಹುದು.