ಗೀಸರ್: ಅರಿವಿನ ಇತಿಹಾಸ

ನೆಲದಾಳದಲ್ಲಿ ಕಾದ ನೀರು ಬಿರುಕುಗಳ ಮೂಲಕ ಮೇಲೆ ಬಂದು ಸದಾ ಹರಿಯುವ ತಾಣ ಬಿಸಿನೀರಿನ ಬುಗ್ಗೆ. ಅದೇ ನೀರು ಹಬೆಯ ಸಮೇತ ಬಿಟ್ಟು ಬಿಟ್ಟು ಮೇಲಕ್ಕೆ ಚಿಮ್ಮಿದರೆ ಅದು ಗೀಸರ್. ಬುಗ್ಗೆಗಳು ಹತ್ತಾರು ದೇಶಗಳಲ್ಲಿವೆ. ಗೀಸರ್‌ಗಳು ಮಾತ್ರ ಅಪರೂಪ. ಜಗತ್ತಿನ ಒಟ್ಟು ಗೀಸರ್‌ಗಳಲ್ಲಿ ಸುಮಾರು ಅರ್ಧದಷ್ಟು ಅಮೆರಿಕದ ಯೆಲ್ಲೋಸ್ಟೋನ್ ಒಂದರಲ್ಲೇ ಇವೆ.

ನೀರು ಬಿಸಿಯಾಗಲು ಜ್ವಾಲಾಮುಖಿ ಇರಲೇಬೇಕೆಂದಿಲ್ಲ. ಭೂಮಿಯೊಳಗೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಆಳಕ್ಕಿಳಿದ ಮಳೆನೀರು ಹೀಗೆ ಕಾದು, ಬೇಗನೆ ಮೇಲೇರುವ ದಾರಿ ಸಿಕ್ಕರೆ ಬಿಸಿಯಾಗಿಯೇ ಹೊರಬರುತ್ತದೆ. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಬೆಂದ್ರ್ ತೀರ್ಥದ ಸುತ್ತಲೂ ಜ್ವಾಲಾಮುಖಿ ಇಲ್ಲ, ಆದರೂ ನೀರು ಬೆಚ್ಚಗಿದೆ. ಭಾರತದ ಇಂಥ ಬುಗ್ಗೆಗಳ ದೊಡ್ಡ ಪಟ್ಟಿಯೊಂದನ್ನು ಸಿದ್ಧಪಡಿಸಿದವನು ಭೂವಿಜ್ಞಾನಿ ಥಾಮಸ್ ಓಲ್ಡ್‌ಹ್ಯಾಮ್. ಅವನು ತೀರಿಕೊಂಡ ಮೇಲೆ, 1882ರಲ್ಲಿ, ಮಗ ರಿಚರ್ಡ್ ಅದನ್ನು ಪರಿಷ್ಕರಿಸಿ ಹೊರತಂದ.

ಗೀಸರಿಗೆ ಇಷ್ಟು ಸಾಲದು. ಹತ್ತಿರದಲ್ಲೇ ಶಿಲಾಪಾಕದ ಶಾಖ ಬೇಕು, ಬತ್ತದ ನೀರು ಬೇಕು, ಒತ್ತಡ ತಡೆಯುವ ಗಟ್ಟಿ ಕೊಳವೆಯೂ ಬೇಕು. ಆ ಕೊಳವೆಗೆ ನೀರೇ ಒಳಗಿನಿಂದ ಗಿಲಾವು ಬಳಿಯುತ್ತದೆ. ರಯೋಲೈಟ್‌ನಂಥ ಕಲ್ಲುಗಳಿಂದ ಕರಗಿದ ಸಿಲಿಕ, ಮೇಲೇರುತ್ತ ತಣಿದಾಗ ಗೋಡೆಗೆ ಕಟ್ಟಿಕೊಂಡು ಬಿರುಕುಗಳನ್ನು ಮುಚ್ಚುತ್ತದೆ.

ಗೀಸರ್ ಕುರಿತ ಹಳೆಯ ದಾಖಲೆಗಳು ಐಸ್‌ಲ್ಯಾಂಡಿನವು. ಹೌಕಾದಲೂರ್ ಕಣಿವೆಯ ಬುಗ್ಗೆಗಳು 1294ರ ಭೂಕಂಪದಲ್ಲಿ ಬದಲಾದ ಸಂಗತಿ ಅಲ್ಲಿನ ವಾರ್ಷಿಕ ವೃತ್ತಾಂತಗಳಲ್ಲಿದೆ. ನೀರು ಯಾಕೆ ಚಿಮ್ಮುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬಂದದ್ದು ಐದು ಶತಮಾನಗಳ ನಂತರ. 1810ರಲ್ಲಿ ಅಲ್ಲಿಗೆ ಹೋಗಿಬಂದ ಸ್ಕಾಟ್ಲೆಂಡಿನ ಜಾರ್ಜ್ ಮೆಕೆಂಜಿ, ಕೊಳವೆಯ ಪಕ್ಕದಲ್ಲಿ ಒಂದು ಗುಹೆಯಿದೆ, ಅದರಲ್ಲಿ ಸೇರಿಕೊಂಡ ಹಬೆ ನೀರನ್ನು ಹೊರದಬ್ಬುತ್ತದೆ ಎಂದ. ಆ ಗುಹೆಯನ್ನು ಯಾರೂ ಕಂಡಿರಲಿಲ್ಲ.

1846ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್, ಫ್ರಾನ್ಸಿನ ಡೆಕ್ಲುವಾಜೊ ಜೊತೆಗೂಡಿ, ಊಹೆಯನ್ನು ಬದಿಗಿಟ್ಟು ಹೌಕಾದಲೂರಿನ ಮಹಾ ಗೀಸರಿನ ಬಾಯೊಳಗೆ ಥರ್ಮಾಮೀಟರ್ ಇಳಿಬಿಟ್ಟ. ಕೊಳವೆಯ ಆಳ 20 ಮೀಟರಿಗೂ ಹೆಚ್ಚು. ಮೇಲಿನ ನೀರಿನ ಭಾರದಿಂದ, ಕೆಳಗಿಳಿದಷ್ಟೂ ಕುದಿಬಿಂದು ಏರುತ್ತದೆ. ತಳದಿಂದ ಸುಮಾರು 9 ಮೀಟರ್ ಎತ್ತರದಲ್ಲಿ ನೀರಿನ ಶಾಖ 121.8 ಡಿಗ್ರಿ ಇತ್ತು. ಅಲ್ಲಿ ಕುದಿಯಲು ಬೇಕಿದ್ದುದು 123.8. ಎರಡೇ ಡಿಗ್ರಿ ಕಡಿಮೆ! ಕೆಳಗಿನಿಂದ ಬಂದ ಹಬೆ ಈ ನೀರನ್ನು 2 ಮೀಟರಿನಷ್ಟು ಮೇಲೆತ್ತಿದರೆ ಸಾಕು, ಅಲ್ಲಿನ ಕುದಿಬಿಂದು 120.8ಕ್ಕೆ ಇಳಿದಿರುತ್ತದೆ. ಎತ್ತಿದ ನೀರು ತಟ್ಟನೆ ಕುದಿದು ಮೇಲಿನ ನೀರನ್ನು ಹೊರಚೆಲ್ಲುತ್ತದೆ, ಭಾರ ಇಳಿದು ಕೆಳಗಿನ ನೀರೂ ಕುದಿಯುತ್ತದೆ, ಇಡೀ ಕಂಬ ಸಿಡಿಯುತ್ತದೆ. ಗುಹೆಯ ಅಗತ್ಯವೇ ಬೀಳಲಿಲ್ಲ. ಕ್ಷೇತ್ರದಲ್ಲಿ ಅಳೆದ ಕೆಲವೇ ಅಂಕಿಗಳಿಂದ ಇಷ್ಟು ಸೊಗಸಾದ ವಿವರಣೆ ಹೊರಟ ಉದಾಹರಣೆ ಭೂವಿಜ್ಞಾನದಲ್ಲಿ ವಿರಳ. ಮುಂದೆ ಜಾನ್ ಟಿಂಡಲ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಕಬ್ಬಿಣದ ಕೊಳವೆಗೆ ಬೆಂಕಿ ಕೊಟ್ಟು ನೀರನ್ನು ಹೀಗೆಯೇ ಸಭಿಕರ ಎದುರು ಚಿಮ್ಮಿಸಿ ತೋರಿಸಿದ.

1870ರಲ್ಲಿ ವಾಷ್‌ಬರ್ನ್ ಅನ್ವೇಷಣಾ ತಂಡ ಯೆಲ್ಲೋಸ್ಟೋನಿನ ಓಲ್ಡ್ ಫೇತ್‌ಫುಲ್ ಗೀಸರಿಗೆ ಆ ಹೆಸರಿಟ್ಟಿತು. ಎರಡು ವರ್ಷಕ್ಕೆ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಚಿಮ್ಮುವ ನೀರು ಶಿಲಾಪಾಕದಿಂದಲೇ ಹುಟ್ಟುತ್ತದೆಂಬ ನಂಬಿಕೆ ಬಹುಕಾಲ ಉಳಿದಿತ್ತು. 1950ರ ದಶಕದಲ್ಲಿ ಹಾರ್ಮನ್ ಕ್ರೇಗ್ ಮೊದಲಾದವರು ಹೈಡ್ರೋಜನ್ ಮತ್ತು ಆಮ್ಲಜನಕದ ಐಸೊಟೋಪುಗಳನ್ನು ಅಳೆದು, ಅದು ಬಹುಮಟ್ಟಿಗೆ ಮಳೆ ಹಾಗೂ ಹಿಮದ ನೀರೇ ಎಂದು ತೋರಿಸಿದರು.

ಕೊಳವೆಯ ಒಳಗನ್ನು ಕಣ್ಣಾರೆ ಕಾಣುವ ಅವಕಾಶ ಬಂದದ್ದು 1990ರ ದಶಕದಲ್ಲಿ. ಓಲ್ಡ್ ಫೇತ್‌ಫುಲ್ ಒಳಗೆ ಇಳಿಸಿದ ಕ್ಯಾಮೆರಾಕ್ಕೆ ಕಂಡದ್ದು ನೇರವಾದ ಕೊಳವೆಯಲ್ಲ, ಒರಟು ಬಿರುಕು. ಸುಮಾರು 7 ಮೀಟರ್ ಆಳದಲ್ಲಿ ಅದರ ಅಗಲ ಬರೀ 11 ಸೆಂಟಿಮೀಟರ್. ಅಷ್ಟು ಇಕ್ಕಟ್ಟಿನಿಂದ ಹೊರಟ ನೀರೇ ಮೇಲೆ 30ರಿಂದ 55 ಮೀಟರ್ ಏರುತ್ತದೆ. 2013ರಲ್ಲಿ ಎರಡು ಅಧ್ಯಯನಗಳು ಬಂದವು. ರಷ್ಯದ ಕಮ್ಚಾಟ್ಕದ ಗೀಸರ್‌ಗಳೊಳಗೆ ಕ್ಯಾಮೆರಾ ಬಿಟ್ಟವರಿಗೆ ಹಬೆ ಕೂಡಿಕೊಳ್ಳುವ ಪಕ್ಕದ ಪೊಳ್ಳುಗಳು ಸಿಕ್ಕವು; ಓಲ್ಡ್ ಫೇತ್‌ಫುಲ್‌ನ ಕಂಪನಗಳನ್ನು ವಿಶ್ಲೇಷಿಸಿದವರಿಗೆ ಸುಮಾರು 15 ಮೀಟರ್ ಆಳದಲ್ಲಿ, ಬಾಯಿಯಿಂದ ಪಕ್ಕಕ್ಕೆ ಸರಿದ ಕುಹರ ಕಂಡಿತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮೂಲೆ ಸೇರಿದ್ದ ಮೆಕೆಂಜಿಯ ಗುಹೆಗೆ ಹೀಗೆ ಮತ್ತೆ ಮಾನ್ಯತೆ ಬಂತು. ಬುನ್ಸೆನ್‌ನ ಲೆಕ್ಕ ಇದರಿಂದ ಸುಳ್ಳಾಗಲಿಲ್ಲ. ಹಬೆ ಕೂಡುವುದು ಪೊಳ್ಳಿನಲ್ಲಿ. ಒತ್ತಡ ಇಳಿದಾಗ ನೀರು ಸಿಡಿಯುವುದು ಅವನು ಹೇಳಿದ ರೀತಿಯಲ್ಲೇ.

ಗೀಸರ್ ಶಾಶ್ವತವಲ್ಲ. 1959 ಮತ್ತು 1983ರ ಭೂಕಂಪಗಳ ನಂತರ ಓಲ್ಡ್ ಫೇತ್‌ಫುಲ್‌ನ ಬಿಡುವು ಹೆಚ್ಚಿತು; ಒಂದು ಗಂಟೆಗೆ ತುಸು ಮೇಲಿದ್ದ ಸರಾಸರಿ ಈಗ ಸುಮಾರು ಒಂದೂವರೆ ಗಂಟೆ. ಅದರ ದಿಬ್ಬದಲ್ಲಿ ಸಿಕ್ಕ ಖನಿಜೀಕೃತ ಮರದ ತುಂಡುಗಳು 13 ಮತ್ತು 14ನೆಯ ಶತಮಾನದವು. ಕುದಿನೀರು ಬೀಳುವಲ್ಲಿ ಮರ ಬೆಳೆಯದು. ದೀರ್ಘ ಬರಗಾಲದಲ್ಲಿ ಗೀಸರ್ ದಶಕಗಟ್ಟಲೆ ನಿಂತಿತ್ತೆಂದು 2020ರ ಅಧ್ಯಯನ ತೀರ್ಮಾನಿಸಿತು.

ಮನುಷ್ಯ ಮಾಡಿದ ಹಾನಿ ಇನ್ನೂ ವೇಗದ್ದು. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಆರಂಭವಾದ ಮೇಲೆ ಅಲ್ಲಿನ ಗೀಸರ್ ಕಣಿವೆಯೇ ಬತ್ತಿತು. ಅದೇ ದೇಶದ ರೋಟೊರುವದಲ್ಲೂ ಮನೆಮನೆಯ ಕೊಳವೆಬಾವಿಗಳು ಬಿಸಿನೀರನ್ನು ಹೀರುತ್ತಿದ್ದವು. ಪೊಹುಟು ಗೀಸರಿನ ಸುತ್ತ ಒಂದೂವರೆ ಕಿಲೋಮೀಟರ್ ಒಳಗಿನ ಬಾವಿಗಳನ್ನು 1980ರ ದಶಕದ ಕೊನೆಗೆ ಸರ್ಕಾರ ಮುಚ್ಚಿಸಿತು. ನೆಲದಡಿಯ ನೀರಿನ ಒತ್ತಡ ಮರಳಿತು, ಸುತ್ತಲಿನ ಹಲವು ಬುಗ್ಗೆಗಳು ಚೇತರಿಸಿಕೊಂಡವು.