ಬೈಲಕುಪ್ಪೆಯ ಜೋಳ, ಲೂಧಿಯಾನದ ಸ್ವೆಟರ್

ಬೈಲಕುಪ್ಪೆ ಅಂದ್ರೆ ಬೆಂಗಳೂರಿನ ನನ್ನ ಗೆಳೆಯರಿಗೆ ಗೋಲ್ಡನ್ ಟೆಂಪಲ್, ಒಂದು ಪ್ಲೇಟ್ ಮೋಮೊ, ಆಮೇಲೆ ಸೀದಾ ಮಡಿಕೇರಿ ರಸ್ತೆ. ಎಚ್.ಡಿ. ಕೋಟೆ ತಾಲೂಕಿನ ಎನ್. ಬೇಗೂರಿನವನಾದ ನನಗೆ ಟಿಬೆಟ್‌ನವರ ಪರಿಚಯ ಆಗಿದ್ದು ಸ್ವೆಟರ್‌ನಿಂದ. ಚಳಿಗಾಲದಲ್ಲಿ ಮೈಸೂರಿಗೆ ಹೋದಾಗ ಅಮ್ಮ ಟಿಬೆಟಿಯನ್ ಹೆಂಗಸೊಬ್ಬರ ಹತ್ತಿರ ಚೌಕಾಸಿಗೆ ನಿಲ್ಲೋರು. "ಫಿಕ್ಸ್ ರೇಟ್ ಅಮ್ಮ, ಎಲ್ಲಾ ಕಡೆ ಅಷ್ಟೇ" ಅಂತ ಆ ಕಡೆಯಿಂದ ಉತ್ತರ. ಪಕ್ಕದ ಅಂಗಡಿಗೆ ಹೋದ್ರೆ ನಿಜವಾಗ್ಲೂ ಅಷ್ಟೇ! ಒಂದೇ ಮಾಲು ಮಾರುವ ಹತ್ತು ಜನ ಸಾಲಾಗಿ ಕೂತು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯದೆ ಇರೋದು ಹೇಗೆ? ನಾವು ನೆಟ್‌ವರ್ಕಿಂಗ್ ಅಂತ ಲಿಂಕ್ಡ್‌ಇನ್‌ನಲ್ಲಿ ಮಾಡುವ ಕೆಲಸದ ಹಳೆಯ, ಬಹಳ ಗಟ್ಟಿಯಾದ ರೂಪ ಅದು. ಅದರ ಬೇರು ಹುಡುಕಿಕೊಂಡು ಹೊರಟರೆ ಜೋಳದ ಹೊಲಕ್ಕೆ ಬಂದು ನಿಲ್ಲುತ್ತೇವೆ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಡಲು ಒಪ್ಪಿತು. 1960ರ ಕೊನೆಯಲ್ಲಿ ಮೊದಲ ತಂಡ ಇಲ್ಲಿಗೆ ಬಂದಾಗ ಕಂಡಿದ್ದು ಕಾಡು. ಕಡಿಯಬೇಕಿತ್ತು, ಸುಡಬೇಕಿತ್ತು, ರಾತ್ರಿ ಆನೆ ಕಾಯಬೇಕಿತ್ತು. ಯಾಕ್ ಮೇಯಿಸಿ, ಬಾರ್ಲಿ ಬೆಳೆದು ಅಭ್ಯಾಸವಿದ್ದ ತಣ್ಣನೆಯ ನಾಡಿನವರಿಗೆ ನಮ್ಮ ಸೀಮೆಯ ಸೆಕೆ ಹೇಗಿದ್ದಿರಬೇಕು ಯೋಚಿಸಿ. ಮೊದಲ ವಸತಿ ಲುಗ್ಸುಂಗ್ ಸಂದುಪ್ಲಿಂಗ್. 1969ರಲ್ಲಿ ಅದರ ಪಕ್ಕದಲ್ಲೇ ಡಿಕ್ಯಿ ಲಾರ್ಸೋ. 1972ರಲ್ಲಿ ಹುಣಸೂರು ತಾಲೂಕಿನ ಗುರುಪುರದಲ್ಲಿ ರಬ್ಗೇಲಿಂಗ್. ಈ ಹೆಸರೆಲ್ಲ ನಮ್ಮೋರ ಬಾಯಲ್ಲಿ ನಿಲ್ಲಲಿಲ್ಲ. ನಮಗೆ ಅದು ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು, ಅಷ್ಟೇ.

ಜಮೀನು ಸಿಕ್ಕಿತು, ಆದರೆ ಅದು ಬೆಳೆಯಲಿಲ್ಲ. ಮನೆಯಲ್ಲಿ ಮಕ್ಕಳಾದರು, ಮೊಮ್ಮಕ್ಕಳಾದರು, ಎಕರೆ ಮಾತ್ರ ಅಷ್ಟೇ ಉಳಿಯಿತು. ಮಳೆ ನಂಬಿದ ಮುಸುಕಿನ ಜೋಳ ಎಷ್ಟು ಬಾಯಿ ತುಂಬಿಸೀತು? ಮಾರುವ ಹಾಗಿಲ್ಲ, ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ಎತ್ತುವ ಹಾಗೂ ಇಲ್ಲ, ಯಾಕಂದ್ರೆ ಪಹಣಿಯಲ್ಲಿ ತಮ್ಮ ಹೆಸರಿಲ್ಲ. ಕೈಯಲ್ಲಿರೋದು ಆಗಾಗ ನವೀಕರಿಸಬೇಕಾದ ಆರ್‌ಸಿ, ಅಂದರೆ ವಿದೇಶಿಯ ನೋಂದಣಿ ಪತ್ರ. ಆದರೆ ಜೋಳಕ್ಕೆ ಒಂದು ಒಳ್ಳೆ ಗುಣ ಇತ್ತು. ಮುಂಗಾರಿಗೆ ಬಿತ್ತಿದರೆ ದೀಪಾವಳಿ ಹೊತ್ತಿಗೆ ಮನೆಗೆ ಬರುತ್ತೆ. ಆಮೇಲೆ ಹೊಲ ಖಾಲಿ, ಕೈ ಖಾಲಿ, ಉತ್ತರದಲ್ಲಿ ಚಳಿ ಶುರು. ಫೆಬ್ರವರಿ-ಮಾರ್ಚ್‌ನಲ್ಲಿ ಅವರ ಹೊಸ ವರ್ಷ ಲೋಸಾರ್. ಆ ಮೂರು-ನಾಲ್ಕು ತಿಂಗಳ ಸಂದಿಯಲ್ಲಿ ಸ್ವೆಟರ್ ವ್ಯಾಪಾರ ಹುಟ್ಟಿತು. ಮೊದಮೊದಲು ಕೈಯಲ್ಲೇ ಹೆಣೆದದ್ದು. ಆಮೇಲೆ ಪಂಜಾಬಿನ ಲೂಧಿಯಾನದ ಯಂತ್ರದ ಮಾಲು.

ಲೂಧಿಯಾನದ ಹೊಸಯರಿ ಸಾಹುಕಾರರನ್ನು ಅವರು ಕರೆಯೋದು ಲಾಲಾ ಅಂತ. ಸೀಸನ್ನಿಗೆ ಮುಂಚೆ ಅಲ್ಲಿಗೆ ಹೋಗಿ ಡಿಸೈನ್ ನೋಡಿ, ಒಂದಿಷ್ಟು ದುಡ್ಡು ಕೊಟ್ಟು, ಉಳಿದದ್ದನ್ನು ಸಾಲವಾಗಿ ಎತ್ತಿಕೊಂಡು ಬರೋದು. ಒಡಿಶಾ, ಗುಜರಾತ್, ಕೇರಳ, ನಮ್ಮ ಮೈಸೂರು-ಬೆಂಗಳೂರು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಮಾರಿ, ಸೀಸನ್ ಮುಗಿದ ಮೇಲೆ ಲೆಕ್ಕ ಚುಕ್ತಾ. ಅಡವಿಡಲು ಏನೂ ಇಲ್ಲದ ನಿರಾಶ್ರಿತರಿಗೆ ಸಾವಿರಾರು ಕಿಲೋಮೀಟರ್ ದೂರದ ವ್ಯಾಪಾರಿ ಮಾಲು ಬಿಟ್ಟುಕೊಡುತ್ತಾನೆ! ಇದನ್ನು ಬರೀ ವಿಶ್ವಾಸ ಅಂತ ಕರೆದು ಕಣ್ಣು ಒದ್ದೆ ಮಾಡಿಕೊಳ್ಳೋದು ನನಗೆ ಇಷ್ಟವಿಲ್ಲ. ಬಡ್ಡಿಯನ್ನು ಬೆಲೆಯೊಳಗೇ ಸೇರಿಸೋದು ಗೊತ್ತಿಲ್ಲದ ಸಾಹುಕಾರ ಯಾವ ಊರಲ್ಲಿದ್ದಾನೆ? ಲಾಲಾ ನೋಡುತ್ತಿದ್ದುದು ಎದುರಿಗೆ ಕೂತ ಒಬ್ಬಳನ್ನಲ್ಲ, ಅವಳ ಹಿಂದಿನ ಇಡೀ ಕ್ಯಾಂಪನ್ನು. ಒಬ್ಬಳು ದುಡ್ಡು ಮುಳುಗಿಸಿದರೆ ಮುಂದಿನ ವರ್ಷ ಎಲ್ಲರ ಮುಖಕ್ಕೂ ಬಾಗಿಲು. ಅದಕ್ಕೇ ಸಾಲ ತೀರಿಸುವುದು ಆ ಮನೆಯ ಕೆಲಸ ಮಾತ್ರ ಆಗಿರಲಿಲ್ಲ.

ಕೂಡಿ ನಿಲ್ಲುವ ಈ ರೂಢಿ ಟಿಬೆಟ್‌ನಿಂದಲೇ ಬಂದದ್ದು. ಕ್ಯಿದುಗ್ ಅಂತ ಅಲ್ಲಿ ಸಂಘಗಳಿದ್ದವು. ಆ ಪದದ ಅರ್ಥವೇ ಸುಖ-ದುಃಖ. ಮದುವೆ, ಸಾವು, ಕಾಯಿಲೆ, ಎಲ್ಲಕ್ಕೂ ಸದಸ್ಯರು ಕೈಹಾಕಬೇಕು. ಇಲ್ಲಿ ಅದರ ಜೊತೆ ಟಿಬೆಟಿಯನ್ ನಿರಾಶ್ರಿತ ವ್ಯಾಪಾರಿಗಳ ಸಂಘ ಹುಟ್ಟಿತು. ಮುನಿಸಿಪಾಲಿಟಿ ಹತ್ತಿರ ಜಾಗ ಕೇಳೋದು, ಲಾಲಾಗಳ ಹತ್ತಿರ ದರ ಮಾತಾಡೋದು ಅದರ ಕೆಲಸ. ಎಷ್ಟೋ ಮಾರ್ಕೆಟ್‌ಗಳಲ್ಲಿ ಯಾರಿಗೆ ಯಾವ ಸ್ಟಾಲ್ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮೂಲೆಯ ಒಳ್ಳೆ ಸ್ಟಾಲ್ ಈ ವರ್ಷ ನಿಮ್ಮದು, ಬರೋ ವರ್ಷ ಯಾರದ್ದೋ. ಅಮ್ಮನ ಚೌಕಾಸಿ ಸೋತಿದ್ದು ಇಂಥ ಕಟ್ಟುಪಾಡಿಗೆ.

ಇದು ಟಿಬೆಟ್‌ನವರದ್ದೇ ಸ್ವತ್ತೇನಲ್ಲ. 1948ರಲ್ಲಿ ವಿಂಡ್‌ರಶ್ ಹಡಗು ಇಂಗ್ಲೆಂಡ್ ಮುಟ್ಟಿದ ಮೇಲಿನ ವರ್ಷಗಳಲ್ಲಿ ಲಂಡನ್ನಿಗೆ ಬಂದ ಜಮೈಕಾದವರಿಗೆ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕಿದಾಗ ಅವರು ಪಾರ್ಡ್ನರ್ ಕಟ್ಟಿ ಮನೆಗೆ ಮುಂಗಡ ಹೊಂದಿಸಿದರು. ನಮ್ಮ ಬೀದಿಯ ಆಂಟಿಯರು ನಡೆಸೋ ಚೀಟಿಯೇ ಅದು, ಹೆಸರು ಬೇರೆ. ನ್ಯೂಯಾರ್ಕಿನ ಕೆರಿಬಿಯನ್ ಜನ ಅದನ್ನೇ ಸೂಸು ಅಂತಾರೆ. ಅದೇ ಊರಿನ ಕ್ವೀನ್ಸ್‌ನಲ್ಲಿ ಈಗ ಟಿಬೆಟ್‌ನವರ ಕ್ಯಿದುಗ್‌ಗಳೂ ಇವೆ.

ಹಾಗಂತ ಸ್ವೆಟರ್ ಬದುಕು ಹಿತವಾಗೇನೂ ಇರಲಿಲ್ಲ. ಅಪ್ಪ-ಅಮ್ಮ ಊರೂರು ಅಲೆಯುವಾಗ ಮಕ್ಕಳು ಹಾಸ್ಟೆಲ್ಲಿನಲ್ಲೋ ಅಜ್ಜಿಯ ಹತ್ತಿರವೋ ಬೆಳೆದರು. 2016ರ ನೋಟು ರದ್ದತಿ ಸೀಸನ್ನಿನ ಬಾಯಿಗೇ ಬಂದು ಬಡಿಯಿತು, 2020ರಲ್ಲಿ ಕೊರೊನಾ. ಓದಿದ ಹುಡುಗರಿಗೆ ಫುಟ್‌ಪಾತ್ ಬೇಡ. ನರ್ಸಿಂಗ್, ಐಟಿ ಅಂತ ಬೆಂಗಳೂರಿಗೆ ಬರ್ತಾರೆ, ಆಮೇಲೆ ಕೆನಡಾ, ಬೆಲ್ಜಿಯಂ. ವ್ಯಾಪಾರಕ್ಕೆ ಲೈಸೆನ್ಸ್ ಸುಲಭವಾಗಲಿ ಅಂತ ಕೇಂದ್ರ ಸರ್ಕಾರ ಪುನರ್ವಸತಿ ನೀತಿ ತಂದಿದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಕೇಳುವವರೇ ಕಮ್ಮಿಯಾಗುತ್ತಿದ್ದರು.

ಇದನ್ನೆಲ್ಲ ಬರೆಯುವಾಗ ನನ್ನ ತಲೆಯಲ್ಲಿರೋದು ನಮ್ಮ ಕಾಡಂಚು. ಟಿಬೆಟ್‌ನವರನ್ನು ನೆಲೆ ನಿಲ್ಲಿಸಲೆಂದೇ 1968ರಲ್ಲಿ ಮೈರಾಡ ಸಂಸ್ಥೆ ಶುರುವಾಯಿತು. ಒಳ್ಳೆ ಕೆಲಸ, ಎರಡು ಮಾತಿಲ್ಲ. ಅದಾಗಿ ಕೆಲವೇ ವರ್ಷಗಳಲ್ಲಿ ಕೋಟೆ ತಾಲೂಕಿನಲ್ಲಿ ಕಬಿನಿ ಅಣೆಕಟ್ಟು ತುಂಬಿತು, 1973ರಲ್ಲಿ ಬಂಡೀಪುರಕ್ಕೆ ಹುಲಿ ಯೋಜನೆ ಬಂತು, ನಾಗರಹೊಳೆಯಿಂದಲೂ ಜನ ಹೊರಬಿದ್ದರು. ಜೇನುಕುರುಬರು, ಕಾಡುಕುರುಬರು, ಯರವರು ತಮ್ಮದೇ ದೇಶದಲ್ಲಿ ನಿರಾಶ್ರಿತರಾಗಿ ಕಾಡಿನ ಹೊರಗಿನ ಹಾಡಿಗಳಲ್ಲಿ ಚದುರಿಹೋದರು. ಅವರಿಗೂ ಸಾಲ ಸಿಗುತ್ತೆ. ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಮೇಸ್ತ್ರಿ ಕೊಡುವ ಅಡ್ವಾನ್ಸ್ ಅದು. ಆದರೆ ಮೇಸ್ತ್ರಿ ಅದನ್ನು ಹಾಡಿಗೆ ಕೊಡಲ್ಲ, ಒಬ್ಬೊಬ್ಬನಿಗೆ ಕೊಡುತ್ತಾನೆ. ದರ ಮಾತಾಡಲು ಜೊತೆಗೆ ಯಾರೂ ಕೂತಿರಲ್ಲ. ತೀರಿಸಲಾಗದವನು ತೀರುವವರೆಗೂ ದುಡಿಯುತ್ತಾನೆ. ಕೊಡಗಿನ ಜೀಪುಗಳು ಈಗಲೂ ಬೆಳಿಗ್ಗೆ ಬಂದು ಹಾಡಿಯ ಮುಂದೆ ನಿಲ್ಲುತ್ತವೆ.