ಅಂಚೆಯವನ ಕೈಯಲ್ಲಿ ಏನಿದೆ?

ಮೈಸೂರು ಸೀಮೆಗೆ ಅಂಚೆ ವ್ಯವಸ್ಥೆ ತಂದ ದೊರೆ ಚಿಕ್ಕದೇವರಾಜ ಒಡೆಯರು ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆ ಅಂಚೆ ಇನ್ನೇನು ಮಾಡುತ್ತಿತ್ತು ಎಂಬುದನ್ನು ಮಾರ್ಕ್ ವಿಲ್ಕ್ಸ್ ಬರೆದಿಟ್ಟಿದ್ದಾನೆ. 1810ರಲ್ಲಿ ಮೊದಲ ಸಂಪುಟ ಬಂದ ಅವನ ದಕ್ಷಿಣ ಭಾರತದ ಚರಿತ್ರೆಯ ಪ್ರಕಾರ, ಅಂಚೆಯ ಅಧಿಕಾರಿಗಳು ಆಸ್ಥಾನದ ನಂಬಿಕಸ್ಥರು, ಕೆಳಗಿನ ನೌಕರರು ಗೂಢಚಾರರು. ತಮ್ಮ ಸೀಮೆಯ ಗುಟ್ಟುಗಳನ್ನು ವರದಿ ಮಾಡುವುದೂ ಅವರ ಕೆಲಸವಾಗಿತ್ತು. ಹೈದರನ ಕಾಲಕ್ಕೆ ಇದು ಇನ್ನಷ್ಟು ಬಿಗಿಯಾಯಿತಂತೆ. ವಿಲ್ಕ್ಸ್ ಕಂಪನಿಯ ಮನುಷ್ಯ, ದೇಶೀ ಅರಸರನ್ನು ಕಠೋರರೆಂದು ತೋರಿಸುವುದರಲ್ಲಿ ಅವನಿಗೆ ಲಾಭವಿತ್ತು. ಹಾಗಾಗಿ ಅವನ ಮಾತನ್ನು ಸ್ವಲ್ಪ ಸೋಸಿಯೇ ತೆಗೆದುಕೊಳ್ಳಬೇಕು.

ಆದರೆ ಅವನ ನಾಡಿನ ಕಥೆಯೂ ಬೇರೆಯಾಗಿರಲಿಲ್ಲ. 1844ರಲ್ಲಿ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಇಟಲಿಯ ಕ್ರಾಂತಿಕಾರಿ ಜುಸೆಪ್ಪೆ ಮಾಟ್ಸೀನಿಗೆ ತನ್ನ ಕಾಗದಗಳನ್ನು ಯಾರೋ ಒಡೆದು ಓದುತ್ತಿದ್ದಾರೆಂಬ ಅನುಮಾನ ಬಂತು. ಲಕೋಟೆಯೊಳಗೆ ಗಸಗಸೆ, ಮರಳಿನ ಕಣ, ಕೂದಲೆಳೆ ಹಾಕಿ ಕಳಿಸಿ ಪರೀಕ್ಷೆ ಮಾಡಿದರು. ತಲುಪಿದ ಲಕೋಟೆಯಲ್ಲಿ ಅವು ಇರಲಿಲ್ಲ. ಸಂಸದ ಥಾಮಸ್ ಡನ್‌ಕೂಂಬ್ ವಿಷಯವನ್ನು ಸಂಸತ್ತಿಗೆ ಒಯ್ದರು. ಗೃಹ ಸಚಿವ ಜೇಮ್ಸ್ ಗ್ರಹಾಂ ಅವರೇ ವಾರಂಟ್ ಹೊರಡಿಸಿದ್ದರೆಂಬುದು ಬಯಲಾಯಿತು. ದೊಡ್ಡ ಗದ್ದಲವೆದ್ದು, ವಿದೇಶಿ ಪತ್ರಗಳನ್ನು ಓದುತ್ತಿದ್ದ ಅಂಚೆಯ ಗುಪ್ತ ಶಾಖೆ ಮುಚ್ಚಿತು. ವಾರಂಟ್ ಹೊರಡಿಸುವ ಅಧಿಕಾರ ಮಾತ್ರ ಕಾನೂನಿನಲ್ಲಿ ಹಾಗೇ ಉಳಿಯಿತು.

ನಮ್ಮಲ್ಲಿಯೂ ಆ ಅಧಿಕಾರ ಬಗೆಬಗೆಯ ಹೆಸರಿನಲ್ಲಿ ಬದುಕಿದೆ. 1885ರ ಟೆಲಿಗ್ರಾಫ್ ಕಾಯ್ದೆ ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ಸಂದೇಶ ತಡೆದು ನೋಡಲು ಅವಕಾಶ ಕೊಟ್ಟಿತು. 2023ರ ಅಂಚೆ ಕಾಯ್ದೆಯಲ್ಲೂ ಅಂಥ ಕಲಮು ಇದೆ. ನಡುವೆ, 1996ರಲ್ಲಿ ಸುಪ್ರೀಂ ಕೋರ್ಟು ಫೋನ್ ಕದ್ದಾಲಿಕೆಗೆ ಲಗಾಮು ಹಾಕಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು.

ಇಷ್ಟೆಲ್ಲ ಓದಿದ ಮೇಲೆ, ಸಾಮಾಜಿಕ ಜಾಲತಾಣಗಳನ್ನು ನಂಬಬಹುದೇ ಎಂಬ ಪ್ರಶ್ನೆಯನ್ನೇ ಬದಲಿಸಿಕೊಳ್ಳಬೇಕು ಅನಿಸುತ್ತದೆ. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ್ದು, ನಮ್ಮ ಸಂದೇಶ ಅದರ ಕೈಯಲ್ಲಿ ಓದಲು ಬರುವ ರೂಪದಲ್ಲಿ ಇದೆಯೇ ಎಂದು.

ಎರಡು ಪ್ರಕರಣ ನೋಡಿ. 2022ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಗರ್ಭಪಾತಕ್ಕೆ ಸಂಬಂಧಿಸಿದ ತನಿಖೆಯೊಂದರಲ್ಲಿ ತಾಯಿ ಮಗಳು ಫೇಸ್‌ಬುಕ್‌ನಲ್ಲಿ ಆಡಿಕೊಂಡ ಮಾತುಗಳು ವಾರಂಟಿನ ಮೇರೆಗೆ ಪೊಲೀಸರ ಕೈ ಸೇರಿದವು. ಕಂಪನಿ ಕದ್ದು ಕೊಟ್ಟಿದ್ದಲ್ಲ. ತನ್ನ ಬಳಿ ಇದ್ದದ್ದನ್ನು ಕಾನೂನು ಕೇಳಿದಾಗ ಕೊಟ್ಟಿತು. 2016ರಲ್ಲಿ ಸಿಗ್ನಲ್ ಸಂಸ್ಥೆಗೂ ಅಮೆರಿಕದಲ್ಲಿ ಇಂಥದೇ ಆದೇಶ ಬಂದಿತ್ತು. ಅದು ಕೊಡಲು ಸಾಧ್ಯವಾದದ್ದು ಖಾತೆ ತೆರೆದ ದಿನಾಂಕ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನಾಂಕ, ಇಷ್ಟೇ. ಸಂದೇಶ ಕಳಿಸಿದವರ ಫೋನಿನಲ್ಲೇ ಬೀಗ ಬಿದ್ದು, ತಲುಪಿದವರ ಫೋನಿನಲ್ಲೇ ತೆರೆಯುವುದರಿಂದ ನಡುವಿನವನ ಬಳಿ ಕೀಲಿಯಿರುವುದಿಲ್ಲ.

ವಾಟ್ಸಾಪ್ 2016ರಿಂದ ಇದೇ ಬೀಗ ಬಳಸುತ್ತಿದೆ. ಟೆಲಿಗ್ರಾಮ್‌ನ ಸಾಮಾನ್ಯ ಮಾತುಕತೆಗೆ ಅದಿಲ್ಲ; ‘ಸೀಕ್ರೆಟ್ ಚಾಟ್’ ಎಂದು ನಾವೇ ಆರಿಸಿಕೊಂಡರೆ ಮಾತ್ರ ಉಂಟು. ಮುಚ್ಚಿದ ಲಕೋಟೆಗೂ ಕಾರ್ಡಿಗೂ ಇರುವ ವ್ಯತ್ಯಾಸ ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿತ್ತು. ಕಾರ್ಡಿನಲ್ಲಿ ಊರಿನ ಮಳೆ ಬೆಳೆ ಬರೆದು, ಮನೆಯ ಗುಟ್ಟನ್ನು ಲಕೋಟೆಗೆ ಹಾಕುತ್ತಿದ್ದರು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ನಾವು ಏಮಾರುವುದು ಅಲ್ಲಿಯೇ.

ಬೀಗವಿದ್ದರೂ ಲಕೋಟೆಯ ಹೊರಮೈ ಕಾಣುತ್ತದೆ: ಯಾರು ಯಾರಿಗೆ, ಎಷ್ಟು ಹೊತ್ತಿಗೆ. ಆಚೆ ಬದಿಯವರು ತೆಗೆಯುವ ಸ್ಕ್ರೀನ್‌ಶಾಟನ್ನು ಯಾವ ಬೀಗವೂ ತಡೆಯಲಾರದು. ಇನ್ನು 2021ರ ನಮ್ಮ ಐಟಿ ನಿಯಮಗಳು ಸಂದೇಶವೊಂದನ್ನು ಮೊದಲು ಕಳಿಸಿದವರು ಯಾರೆಂದು ದೊಡ್ಡ ಸಂದೇಶ ಸೇವೆಗಳು ಗುರುತಿಸಿ ಕೊಡುವಂತಿರಬೇಕು ಎನ್ನುತ್ತವೆ. ಬೀಗ ಮುರಿಯಲೇಬೇಕೆಂದರೆ ಭಾರತ ಬಿಡಬೇಕಾಗುತ್ತದೆ ಎಂದು ವಾಟ್ಸಾಪ್ ಪರ ವಕೀಲರು 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೇಳಿದರು. ಖಾತೆಯ ವಿವರಗಳನ್ನು ಒಡೆತನದ ಕಂಪನಿಯೊಡನೆ ಹಂಚಿಕೊಳ್ಳುವ ನೀತಿಗಾಗಿ 2021ರಲ್ಲಿ ಬೈಸಿಕೊಂಡದ್ದೂ ಇದೇ ವಾಟ್ಸಾಪ್. ಹಾಗಾಗಿ ಇವತ್ತು ಅದು ನಮ್ಮ ಪರ ನಿಂತಿದೆಯೆಂದು ಮೈಮರೆಯುವಂತಿಲ್ಲ. ಉಳಿಸಿಕೊಳ್ಳಬೇಕಾದ್ದು ಬೀಗವನ್ನು; ಅದನ್ನು ಮಾಡಿಕೊಟ್ಟವರ ಮೇಲಿನ ಅನುಮಾನವನ್ನೂ ಜೊತೆಗೇ ಇಟ್ಟುಕೊಳ್ಳೋಣ.